ಒಂದು ಚೀಟಿಗೆ ಇಬ್ಬರು ಮಕ್ಕಳು

ಆಳಂದದ ಒಂದು ಮಕ್ಕಳ ದವಾಖಾನೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಆಯಾ ಆಗಿದ್ದೆ. ಹೆಸರು ಕೂಗುವುದು, ಕೂಸನ್ನು ಕಾಟಾದ ಮೇಲೆ ಕೂಡಿಸಿ ತೂಕ ಬರೆಯುವುದು, ಸೂಜಿ ಚುಚ್ಚುವಾಗ ಕೈಕಾಲು ಹಿಡಿಯುವುದು, ವಾಂತಿ ಒರೆಸುವುದು. ಇಷ್ಟೇ ಕೆಲಸ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಕೆಲಸ ಯಾರೂ ಕೊಡುವುದಿಲ್ಲ. ಕೊಡಲೂಬಾರದು.

ಈಗ ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಒದ್ದಾಡುವ ಕೂಸನ್ನು ಹೇಗೆ ಹಿಡಿಯಬೇಕು ಎಂದು ಮನೆಗೆ ಬಂದು ಕೇಳುತ್ತಾರೆ. ಅದು ಎರಡು ದಿನದಲ್ಲಿ ತಾನೇ ಬರುತ್ತದೆ. ತಾಯಿ ತಂದೆ ಹೇಳುವ ಸುಳ್ಳನ್ನು ಹಿಡಿಯುವುದಕ್ಕೆ ನಾಲ್ಕೈದು ವರ್ಷ ಬೇಕು. ಹಿಡಿದ ಮೇಲೆ ಆ ಸುಳ್ಳನ್ನು ಏನು ಮಾಡಬೇಕು ಎನ್ನುವುದು ನನಗೆ ಕೊನೆಯವರೆಗೂ ಪೂರಾ ಬರಲಿಲ್ಲ. ಅದು ಬರದ ಕಾರಣಕ್ಕೆ ಒಂದು ಸಲ ಐದು ವರ್ಷದ ಹುಡುಗನೊಬ್ಬ ನನ್ನ ಕೈಯಲ್ಲೇ ಸಾಯುವವನಿದ್ದ. ಇದನ್ನು ಬರೆಯುತ್ತಿರುವುದು ಅವನ ಸಲುವಾಗಿ. ಆದರೆ ಮೊದಲು ಸುಳ್ಳಿನ ಪರಿಚಯ ಆಗಬೇಕು.

ನಮ್ಮ ಡಾಕ್ಟರ್ ಸಾಹೇಬರಿಗೆ ಒಂದು ಕಾಯ್ದೆ ಇತ್ತು. ಒಮ್ಮೆ ಫೀಸು ಕೊಟ್ಟು ಚೀಟಿ ಮಾಡಿಸಿದರೆ ಎಂಟು ದಿನ ಅದೇ ಚೀಟಿಯ ಮೇಲೆ ಆ ಕೂಸನ್ನು ಮತ್ತೆ ಎಷ್ಟು ಸಲವಾದರೂ ಪುಕ್ಕಟೆ ನೋಡುತ್ತಿದ್ದರು. ಎಂಟು ದಿನ ದಾಟಿದರೆ ಹೊಸ ಚೀಟಿ, ಹೊಸ ಫೀಸು. ಜನರ ಬಾಯಲ್ಲಿ ಮೊದಲನೆಯದು ಜೀವಂತ ಚೀಟಿ, ಎರಡನೆಯದು ಸತ್ತ ಚೀಟಿ. ಊರಿಂದ ಹೊರಡುವ ಮುಂಚೆ ಕೂಸಿನ ಮೈ ಮುಟ್ಟಿ ನೋಡುತ್ತಿದ್ದರೋ ಇಲ್ಲವೋ, ಚೀಟಿಗೆ ಜೀವ ಇದೆಯೋ ಇಲ್ಲವೋ ಎಂದು ತಪ್ಪದೆ ನೋಡುತ್ತಿದ್ದರು.

ಸುಳ್ಳಿನಲ್ಲಿ ಎಲ್ಲಕ್ಕಿಂತ ಹಳೆಯದು ಜ್ವರದ ದಿನದ ಸುಳ್ಳು. ಯಾವಾಗಿನಿಂದ ಜ್ವರ ಎಂದು ಕೇಳಿದರೆ ನಿನ್ನೆಯಿಂದ ಎನ್ನುತ್ತಿದ್ದರು. ಅಫಜಲಪುರದಿಂದ ಬಂದವರ ಕೂಸಿಗೂ ನಿನ್ನೆಯಿಂದ, ಜೇವರ್ಗಿಯಿಂದ ಎರಡು ಬಸ್ಸು ಬದಲಿಸಿ ಬಂದವರ ಕೂಸಿಗೂ ನಿನ್ನೆಯಿಂದ. ಮೂರು ತಾಲೂಕಿನಲ್ಲಿ ಮೊನ್ನೆ ಬೇನೆ ಬಿದ್ದ ಒಂದು ಕೂಸೂ ಇರಲಿಲ್ಲ. ಎಂಟು ದಿನ ಆಯಿತು ಎಂದರೆ ಸಾಹೇಬರು ರಕ್ತ ತಪಾಸಣೆ ಬರೆಯುತ್ತಾರೆ, ಅದಕ್ಕೆ ಬೇರೆ ಖರ್ಚು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದನ್ನು ನಂಬಿ, ಸಾಹೇಬರ ಮುಂದೆ ತಾಯಂದಿರ ಪರವಾಗಿ ವಕೀಲಿ ಮಾಡುತ್ತಿದ್ದೆ. ಸಾಹೇಬರು ಕೂಸಿನ ಹೊಟ್ಟೆಯ ಮೇಲಿನ ಚರ್ಮ ಚಿವುಟಿ ತೋರಿಸುತ್ತಿದ್ದರು. ನೀರು ಬತ್ತಿದ ಚರ್ಮ ಎತ್ತಿದಲ್ಲೇ ನಿಲ್ಲುತ್ತಿತ್ತು. ಒಂದು ದಿನದಲ್ಲಿ ಹಾಗೆ ಆಗುವುದಿಲ್ಲ. ಅಂದಿನಿಂದ ಯಾರಾದರೂ ನಿನ್ನೆ ಎಂದರೆ ನಾನೇ ಮನಸ್ಸಿನಲ್ಲಿ ಐದು ದಿನ ಕೂಡಿಸಿಕೊಳ್ಳುತ್ತಿದ್ದೆ.

ಎರಡನೆಯದು ಹೆಸರಿಲ್ಲದ ಕೂಸು. ಇದು ಸಾಹೇಬರ ಒಳ್ಳೆಯತನದಿಂದಲೇ ಹುಟ್ಟಿದ ಸುಳ್ಳು. ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಯಾವ ಕೂಸಿಗೂ ಅವರು ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಹಸಿ ಬಾಣಂತಿಯಿಂದ ಏನು ತೆಗೆದುಕೊಳ್ಳುವುದು ಎನ್ನುತ್ತಿದ್ದರು. ಚೀಟಿಯ ಮೇಲೆ ತಾಯಿಯ ಹೆಸರು ಬರೆದು ಮುಂದೆ ಕೂಸು ಎಂದು ಹಾಕುತ್ತಿದ್ದೆ. ನಮ್ಮ ಕಡೆ ಹದಿಮೂರು ದಿನಕ್ಕೋ ತಿಂಗಳಿಗೋ ಹೆಸರಿಟ್ಟು ಮುಗಿಸುತ್ತಾರೆ. ಈ ಕಾಯ್ದೆಯ ಸುದ್ದಿ ಹಳ್ಳಿಗೆ ಹೋದದ್ದೇ ತಡ, ಹಲ್ಲು ಬಂದ ಕೂಸುಗಳೂ ಹೆಸರಿಲ್ಲದೆ ಬರತೊಡಗಿದವು. ಸೋದರತ್ತೆ ಪುಣೆಯಿಂದ ಬಂದಿಲ್ಲ, ಮನೆಯಲ್ಲಿ ಸೂತಕ ಬಂತು, ಸ್ವಾಮಿಗಳು ಅಕ್ಷರ ಹೇಳಿಲ್ಲ, ಹೀಗೆ ನೂರು ಕಾರಣ.

ನಾನು ಒಂದು ಉಪಾಯ ಹುಡುಕಿದೆ. ತೂಕ ನೋಡುವಾಗ ಬೆನ್ನ ಹಿಂದಿನಿಂದ ಒಂದೊಂದೇ ಹೆಸರು ಕೂಗುತ್ತಿದ್ದೆ. ಮಲ್ಲೂ, ಸಿದ್ದೂ, ಪೂಜಾ, ಭಾಗೂ, ಸಮೀರ. ಹೆಸರಿಟ್ಟ ಕೂಸಾದರೆ ತನ್ನದಕ್ಕೆ ಗೋಣು ತಿರುಗಿಸುತ್ತದೆ. ಒಮ್ಮೆ ಭೂಸನೂರಿನ ಕಡೆಯ ಒಬ್ಬ ತಂದೆ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ಒಂಬತ್ತು ತಿಂಗಳ ಮಗನನ್ನು ಇನ್ನೂ ಹೆಸರಿಟ್ಟಿಲ್ಲ ಎಂದು ತಂದ. ನಾನು ಮಲ್ಲೂ ಎಂದೆ. ಕೂಸು ತಿರುಗಿ ನೋಡಿ ನಕ್ಕಿತು. ‘ಅಲ್ಲೋ ತಮ್ಮಾ, ನಿನ್ನ ಮಗಗ ನಾ ಇಟ್ಟೆ ನೋಡು ಹೆಸರು’ ಅಂದೆ. ಅವನೂ ಬಿಡಲಿಲ್ಲ. ‘ಛಂದ ಅದ್ರಿ ಆಯವ್ವಾ, ಇದನ್ನೇ ಇಡ್ತೇವಿ ಬಿಡ್ರಿ’ ಅಂದ. ಇಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ? ಫೀಸು ಇಲ್ಲದೆಯೇ ಒಳಗೆ ಕಳಿಸಿದೆ.

ಅಲ್ಲಿಂದಲೇ ನಾನು ಕೆಟ್ಟದ್ದು. ಸುಳ್ಳು ಹಿಡಿಯುವುದು ನನ್ನ ಜಾಣತನ, ಬಿಡುವುದು ನನ್ನ ದೊಡ್ಡತನ ಎಂದು ತಿಳಿದುಕೊಂಡೆ. ಯಾರನ್ನು ಬಿಡಬೇಕು ಯಾರನ್ನು ಬಿಡಬಾರದು ಎಂದು ನಾನೇ ನ್ಯಾಯ ಮಾಡುತ್ತಿದ್ದೆ. ಕೈಯಲ್ಲಿ ಹೊಸ ಮೊಬೈಲು ಹಿಡಿದು ಹಳೆಯ ಚೀಟಿ ತಂದವರನ್ನು ತಿರುಗಿಸಿ ಕಳಿಸುತ್ತಿದ್ದೆ. ಕಾಲಲ್ಲಿ ಚಪ್ಪಲಿ ಇಲ್ಲದವರನ್ನು ಬಿಡುತ್ತಿದ್ದೆ. ಸ್ವಲ್ಪ ದಿನಕ್ಕೆ ಜನ ಚಪ್ಪಲಿ ಹೊರಗೆ ಬಿಟ್ಟು ಬರಲು ಕಲಿತರು.

ಸುಳ್ಳಿನ ವಿಷಯದಲ್ಲಿ ನಾನೇನು ದೊಡ್ಡ ಸಾಧ್ವಿ ಅಲ್ಲ. ನನ್ನ ಮಕ್ಕಳು ಸಣ್ಣವರಿದ್ದಾಗ ಪೇಟೆಯಲ್ಲಿ ಪುಗ್ಗಿ, ಅಂದರೆ ಬಲೂನು, ಕೊಡಿಸೆಂದು ಹಟ ಹಿಡಿಯುತ್ತಿದ್ದರು. ಅವು ಸೂಜಿ ಮಾಡಿಸಿಕೊಂಡ ಮಕ್ಕಳಿಗೆ ಮಾತ್ರ ಕೊಡುವ ಪುಗ್ಗಿ ಎಂದು ಹೇಳಿ ಎಳೆದುಕೊಂಡು ಬರುತ್ತಿದ್ದೆ. ಒಂದು ದಿನ ನನ್ನ ಮಗಳು ದವಾಖಾನೆಗೆ ಬಂದು ಕಂಪೌಂಡರ್ ಮೌಲಾಸಾಬನ ಮುಂದೆ ತೋಳು ಚಾಚಿ ನಿಂತಳು. ಸೂಜಿ ಹಾಕು, ಪುಗ್ಗಿ ಬೇಕು ಎಂದಳು. ಮೌಲಾಸಾಬ ನನ್ನ ಮುಖ ನೋಡಿ, ತನ್ನ ಕಿಸೆಯ ರೊಕ್ಕದಲ್ಲಿ ಪುಗ್ಗಿ ತರಿಸಿಕೊಟ್ಟ. ವರ್ಷಗಟ್ಟಲೆ ಅದನ್ನೇ ಹೇಳಿ ನನ್ನನ್ನು ಅಣಕಿಸಿದ.

ಇನ್ನು ಆ ಹುಡುಗನ ವಿಷಯ.

ಮಾದನಹಿಪ್ಪರಗಾದ ಮಹಾನಂದಾಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಶರಣು, ಐದು ವರ್ಷ. ಸಣ್ಣವನು ಸಿದ್ದು, ಮೂರೂವರೆ. ಇಬ್ಬರೂ ಅಪ್ಪನ ಅಚ್ಚು, ಅದೇ ಹಣೆ, ಅದೇ ಕಿವಿ. ಒಂದು ಸೋಮವಾರ ಸಿದ್ದುವಿಗೆ ಗಂಟಲು ಬಾತು ಜ್ವರ ಬಂತೆಂದು ತಂದಳು. ಫೀಸು ಕೊಟ್ಟು ಚೀಟಿ ಮಾಡಿಸಿದಳು. ಸಾಹೇಬರು ಪೆನ್ಸಿಲಿನ್ ಸೂಜಿ ಬರೆದರು. ಆ ಔಷಧ ಕೆಲವರಿಗೆ ಒಗ್ಗುವುದಿಲ್ಲ. ಅದಕ್ಕೆ ಮೊದಲು ಮುಂಗೈ ಚರ್ಮದಲ್ಲಿ ಚೂರೇ ಚೂರು ಚುಚ್ಚಿ ಕಾದು ನೋಡಬೇಕು, ಕೆಂಪಗೆ ಉಬ್ಬದಿದ್ದರೆ ಮಾತ್ರ ಪೂರಾ ಸೂಜಿ. ಸಿದ್ದುವಿಗೆ ಏನೂ ಆಗಲಿಲ್ಲ. ಸೂಜಿ ಹಾಕಿಸಿಕೊಂಡು ಹೋದರು.

ಬುಧವಾರ ಮಹಾನಂದಾ ಮತ್ತೆ ಬಂದಳು. ಕೈಯಲ್ಲಿ ಸಿದ್ದುವಿನ ಚೀಟಿ, ಸೊಂಟದ ಮೇಲೆ ಶರಣು. ಅಣ್ಣನಿಗೂ ಅದೇ ಗಂಟಲು ಹತ್ತಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅವಳಿಗೂ ನನಗೆ ಗೊತ್ತಾಯಿತೆಂದು ಗೊತ್ತಾಯಿತು. ಹತ್ತಿರ ಬಂದು ಮೆಲ್ಲಗೆ, ‘ಅದೇ ಬ್ಯಾನಿ ಅದ್ರಿ ಆಯವ್ವಾ, ಅದೇ ಔಷಧ ಬರೀತಾರ. ಚೀಟಿಗಿ ಇನ್ನಾ ಆರು ದಿನ ಜೀವ ಅದ’ ಅಂದಳು.

ಮಾತಿನಲ್ಲಿ ನ್ಯಾಯ ಇದೆ ಅನ್ನಿಸಿತು. ಹುಡುಗನನ್ನು ಕಾಟಾದ ಮೇಲೆ ನಿಲ್ಲಿಸಿದೆ. ಮುಳ್ಳು ಹದಿನೇಳು ಕಿಲೋ ತೋರಿಸಿತು. ಸೋಮವಾರದ ಚೀಟಿಯಲ್ಲಿ ಹದಿಮೂರೂವರೆ ಇತ್ತು. ಎರಡು ದಿನದಲ್ಲಿ ಮೂರೂವರೆ ಕಿಲೋ ಏರಿದ ಕೂಸನ್ನು ನೋಡಿದರೆ ಸಾಹೇಬರಿಗೆ ಸಂಶಯ ಬರುತ್ತದೆ. ನಾನು ಪೆನ್ನು ಹಿಡಿದು ಹದಿಮೂರೂವರೆ ಎಂದೇ ಬರೆದೆ. ಪುಣ್ಯದ ಕೆಲಸ ಮಾಡಿದೆ ಎನ್ನುವ ಹಾಗೆ ಮುಂದಿನ ಹೆಸರು ಕೂಗಿದೆ.

ಅಂದು ಗದ್ದಲ ಬಹಳ ಇತ್ತು. ಸಾಹೇಬರು ಚೀಟಿ ನೋಡಿದರು, ಗಂಟಲು ನೋಡಿದರು. ಮೊನ್ನೆಯ ಬಾವು ಇನ್ನೂ ಇಳಿದಿಲ್ಲವೆಂದು ತಿಳಿದರು. ಇನ್ನೊಂದು ಪೆನ್ಸಿಲಿನ್ ಸೂಜಿ ಹಾಕು, ಪರೀಕ್ಷೆಯ ಚುಚ್ಚು ಬೇಡ, ಮೊನ್ನೆಯೇ ಆಗಿದೆ ಎಂದು ಮೌಲಾಸಾಬನಿಗೆ ಹೇಳಿದರು. ಅವರ ತಪ್ಪಿಲ್ಲ. ಚೀಟಿಯ ಮೇಲೆ ಹಾಗೇ ಇತ್ತು.

ಮೌಲಾಸಾಬ ಔಷಧ ತುಂಬಿಕೊಂಡ. ನಾನು ಹುಡುಗನನ್ನು ಬೋರಲು ಹಾಕಿ ಕಾಲು ಹಿಡಿದೆ. ಎಲ್ಲ ಮಕ್ಕಳೂ ಸೂಜಿ ಬೇಡ ಎಂದು ಅಳುತ್ತವೆ, ನಮ್ಮ ಕಿವಿಗೆ ಅದು ಕೇಳಿಸುವುದೇ ಇಲ್ಲ. ಇವನೂ ಅತ್ತ. ಆಮೇಲೆ ಅಂದ, ‘ಸೂಜಿ ಬ್ಯಾಡ, ಬಾಯಿ ದಪ್ಪ ಆಗ್ತದ.’

ನೋಯುತ್ತದೆ ಎನ್ನುವ ಮಕ್ಕಳನ್ನು ನೋಡಿದ್ದೆ, ಪೊಲೀಸರಿಗೆ ಹೇಳುತ್ತೇನೆ ಎನ್ನುವ ಮಕ್ಕಳನ್ನೂ ನೋಡಿದ್ದೆ. ಬಾಯಿ ದಪ್ಪ ಆಗುತ್ತದೆ ಎಂದು ಯಾವ ಮಗುವೂ ಅಂದಿರಲಿಲ್ಲ. ಆಗ ನೆನಪಾಯಿತು. ಹೋದ ವರ್ಷ ಪರೀಕ್ಷೆಯ ಚುಚ್ಚು ಹಾಕಿದ ಮೇಲೆ ತುಟಿ, ಕಣ್ಣು ಎಲ್ಲ ಊದಿ, ಉಸಿರಿಗೆ ಒದ್ದಾಡಿದ ಹುಡುಗ ಇವನೇ. ಅಷ್ಟೇ ಅಷ್ಟು ಔಷಧಕ್ಕೆ ಹಾಗಾಗಿತ್ತು. ಸಾಹೇಬರು ಅವನ ಚೀಟಿಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಪೆನ್ಸಿಲಿನ್ ಕೊಡಬಾರದು ಎಂದು ಬರೆದಿದ್ದರು. ಆದರೆ ಆ ಚೀಟಿ ಸತ್ತು ವರ್ಷವಾಗಿತ್ತು. ಅದನ್ನು ತಂದರೆ ಹೊಸ ಫೀಸು ಕೊಡಬೇಕು. ಅದಕ್ಕೇ ಅದು ಮನೆಯಲ್ಲಿ ಉಳಿದಿತ್ತು.

ನಾನು ಮೌಲಾಸಾಬನ ಮಣಿಕಟ್ಟು ಹಿಡಿದೆ. ‘ಇವ ಅವ ಅಲ್ಲ’ ಅಂದೆ. ಅವನಿಗೆ ತಿಳಿಯಲಿಲ್ಲ. ‘ಇವ ಸಿದ್ದು ಅಲ್ಲ, ಅವನ ಅಣ್ಣ. ಸೂಜಿ ಒಗಿ ಅತ್ಲಾಗ.’

ಮೌಲಾಸಾಬ ಸೂಜಿಯನ್ನು ತಟ್ಟೆಯಲ್ಲಿ ಇಟ್ಟು ಗೋಡೆಗೆ ಒರಗಿ ನಿಂತ. ಮಹಾನಂದಾ ಹುಡುಗನ ಚಡ್ಡಿ ಮೇಲೆ ಎಳೆದಳು. ಅವಳಿಗೆ ಊದಿದ್ದು ನೆನಪಿತ್ತು, ಯಾವ ಔಷಧಕ್ಕೆ ಎನ್ನುವುದು ಗೊತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ಏನು ಬರೆದಿದೆ ಎಂದು ಓದಲು ಅವಳಿಗೆ ಬರುತ್ತಿರಲಿಲ್ಲ. ಯಾರೂ ಓದಿ ಹೇಳಿರಲೂ ಇಲ್ಲ. ಓದಿ ಹೇಳುವುದು ನನ್ನ ಕೆಲಸವಾಗಿತ್ತು.

ಸಾಹೇಬರು ಎದ್ದು ಬಂದರು. ಚೀಟಿ ತಿರುಗಿಸಿ ನೋಡಿದರು. ಅವರ ಬೆರಳು ಹದಿಮೂರೂವರೆಯ ಮೇಲೆ ನಿಂತಿತು.

‘ತೂಕ ಯಾರು ನೋಡಿದ್ದು?’

ಅಂದರೆ ನನ್ನನ್ನೇ ಕೇಳಿದಂತೆ. ನಾನು ಬಾಯಿ ತೆರೆಯುವ ಮುಂಚೆ ಮಹಾನಂದಾ ಮಾತಾಡಿದಳು. ‘ಆಯವ್ವಗ ನಾನೇ ಮೋಸ ಮಾಡೇನ್ರಿ ಸಾಹೇಬ್ರ. ಕಾಟಾದ ಮ್ಯಾಲ ಸಣ್ಣವನ್ನ ನಿಂದರಿಸಿದ್ಯಾ, ಒಳಗ ಇವನ್ನ ತಂದ್ಯಾ. ಸಣ್ಣವ ಹೊರಗ ಅವರ ಕಾಕಾನ ಕಡೆ ಅದಾನ್ರಿ.’

ಸಣ್ಣವನು ಹೊರಗೆ ಇರಲಿಲ್ಲ, ಮಾದನಹಿಪ್ಪರಗಾದಲ್ಲಿದ್ದ. ಕಾಕಾ ಎನ್ನುವವನು ಇದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ಸುಳ್ಳು ಎಷ್ಟು ಸಲೀಸಾಗಿತ್ತೆಂದರೆ ಒಂದು ಗಳಿಗೆ ನಾನೇ ನಂಬಿದೆ. ಖರೇ ಹೇಳಲು ನನಗೆ ಬೇಕಾದಷ್ಟು ಹೊತ್ತು ಇತ್ತು. ಸಾಹೇಬರು ಅವಳಿಗೆ ಬಾಯಿಗೆ ಬಂದಂತೆ ಬೈದರು, ಹುಡುಗನಿಗೆ ಬೇರೆ ಔಷಧ ಬರೆದರು, ಇನ್ನು ಈ ದವಾಖಾನೆಯ ಮೆಟ್ಟಿಲು ಹತ್ತಬೇಡ ಎಂದರು. ಅಷ್ಟು ಹೊತ್ತೂ ನಾನು ಹುಡುಗನ ಕಾಲು ಹಿಡಿದುಕೊಂಡೇ ನಿಂತಿದ್ದೆ. ಅವಳು ಹೊಸ ಫೀಸು ಕೊಟ್ಟು, ಹುಡುಗನನ್ನು ಎತ್ತಿಕೊಂಡು ಹೋದಳು. ನನ್ನ ನೌಕರಿ ಉಳಿಯಿತು. ಸಾಯಂಕಾಲ ಸಾಹೇಬರು ನನ್ನನ್ನು ಕರೆದು, ಸಮಯಕ್ಕೆ ಸರಿಯಾಗಿ ಗುರುತು ಹಿಡಿದೆಯೆಂದು ಹೊಗಳಿದರು. ಮೌಲಾಸಾಬ ಮಾತ್ರ ಅಂದು ನನ್ನ ಜೋಡಿ ಚಹಾ ಕುಡಿಯಲಿಲ್ಲ. ಕಾಟಾದ ಮುಳ್ಳು ಅವನು ಕೂರುವ ಕುರ್ಚಿಯಿಂದಲೂ ಕಾಣುತ್ತದೆ.

ಆಮೇಲೆ ಸಾಹೇಬರು ಕಾಯ್ದೆ ಬದಲಿಸಿದರು. ಮಗುವಿಗೊಂದು ಚೀಟಿ ಬೇಡ, ಮನೆಗೊಂದು ಚೀಟಿ. ಎಂಟು ದಿನದಲ್ಲಿ ಆ ಮನೆಯ ಯಾವ ಮಗುವನ್ನು ತಂದರೂ ಒಂದೇ ಫೀಸು. ಪ್ರತಿ ಮಗುವಿನ ಹೆಸರು, ತೂಕ, ಒಗ್ಗದ ಔಷಧ ಬೇರೆ ಬೇರೆ ಸಾಲಿನಲ್ಲಿ. ಇನ್ನು ಸುಳ್ಳು ಹೇಳುವ ಜರೂರು ಯಾರಿಗಿದೆ ಎಂದರು. ಸಾಹೇಬರು ಬಹಳ ಓದಿದವರು, ಹೀಗಾಗಿ ಅವರಿಗೆ ಜನ ಅಷ್ಟಾಗಿ ಗೊತ್ತಿರಲಿಲ್ಲ.

ಮೊದಲನೇ ವಾರವೇ ಸರಸಂಬಾದ ಒಬ್ಬ ಹೆಣ್ಣುಮಗಳು ಏಳು ಮಕ್ಕಳನ್ನು ತಂದಳು, ಎಲ್ಲವೂ ನನ್ನವೇ ಎಂದಳು. ಅದರಲ್ಲಿ ಮೂರಕ್ಕೆ ಒಂದೇ ವಯಸ್ಸು. ತ್ರಿವಳಿ ಏನವ್ವಾ ಎಂದು ಕೇಳಿದೆ, ದೇವರು ಕೊಟ್ಟದ್ದು ಎಂದಳು. ಅಷ್ಟರಲ್ಲಿ ಒಂದು ಹುಡುಗಿ ಅವಳ ಸೆರಗು ಜಗ್ಗಿ ‘ಖಾಲಾ, ಘರಕು ಕಬ್ ಜಾತೇ?’ ಅಂತ, ಚಿಕ್ಕಮ್ಮಾ ಮನೆಗೆ ಯಾವಾಗ ಹೋಗುವುದು ಎಂದು, ಕೇಳಿತು. ಹೆಣ್ಣುಮಗಳು ಸ್ವಲ್ಪವೂ ನಾಚಲಿಲ್ಲ. ‘ಬಾಜೂ ಮನಿ ಕೂಸು ಖರೇ, ಉಣ್ಣೂದು ನಮ್ಮನ್ಯಾಗೇ’ ಅಂದಳು. ಏಳನ್ನೂ ತೂಗಿ, ಏಳರ ತೂಕವನ್ನೂ ಮುಳ್ಳು ತೋರಿಸಿದಂತೆ ಬರೆದೆ. ಯಾರ ಮಕ್ಕಳು ಎನ್ನುವುದನ್ನು ನಾನು ಕಾಟಾದಲ್ಲಿ ನೋಡಲಾರೆ.

ಈ ಕಾಯ್ದೆ ಹುಟ್ಟಿದ್ದು ಮಹಾನಂದಾಳಿಂದ. ಅದರ ಫಾಯಿದೆ ಊರೆಲ್ಲ ತೆಗೆದುಕೊಂಡಿತು, ಅವಳೊಬ್ಬಳು ಬರಲಿಲ್ಲ. ಎರಡು ತಿಂಗಳು ಕಾದೆ. ನನಗೆ ಅವಳ ಮೇಲೆ ಮರುಕ ಬಂದು ನಿದ್ದೆಗೆಟ್ಟೆ ಎಂದೇನಲ್ಲ. ಹತ್ತಿದ ಚಿಂತೆ ಒಂದೇ. ಇಲ್ಲಿಗೆ ಬರಲಾರದವಳು ಹುಡುಗನನ್ನು ಬೇರೆ ಎಲ್ಲಿಗೋ ಒಯ್ಯುತ್ತಾಳೆ. ಅಲ್ಲಿ ಬಾಯಿ ದಪ್ಪ ಆಗ್ತದ ಎಂದರೆ ಕೇಳುವವರು ಯಾರು? ಒಂದು ರವಿವಾರ ಬಸ್ಸು ಹತ್ತಿ ಮಾದನಹಿಪ್ಪರಗಾಕ್ಕೆ ಹೋದೆ.

ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದು ನೀರು ಕೊಟ್ಟಳು, ಚಹಾಕ್ಕೆ ಇಟ್ಟಳು. ಮಕ್ಕಳನ್ನು ಈಗ ಎಲ್ಲಿ ತೋರಿಸುತ್ತೀ ಎಂದು ಕೇಳಿದೆ. ಸಂತೆಯ ದಿನ ಮೋಟಾರ್ ಸೈಕಲ್ ಮೇಲೆ ಒಬ್ಬ ಬರುತ್ತಾನೆ, ಕಟ್ಟೆಯ ಮೇಲೆ ಕೂತು ಸೂಜಿ ಹಾಕುತ್ತಾನೆ ಎಂದಳು. ‘ಅಂವ ಚೀಟಿನೇ ಕೊಡಂಗಿಲ್ರಿ. ಹೆಸರೂ ಕೇಳಂಗಿಲ್ಲ. ಸುಳ್ಳು ಹೇಳೂ ಕಿರಿಕಿರಿನೇ ಇಲ್ಲ.’

ಶರಣುವಿಗೆ ಅವನು ಸೂಜಿ ಹಾಕಿದ್ದಾನೆಯೇ ಎಂದರೆ ಒಮ್ಮೆ ಹಾಕಿದ್ದಾನೆ ಎಂದಳು. ಯಾವುದು? ಯಾವುದೋ ಬಿಳಿ ಔಷಧ. ಪೆನ್ಸಿಲಿನ್ನೂ ಬಿಳಿಯೇ. ಕೆಂಪು ಶಾಯಿಯ ಹಳೆಯ ಚೀಟಿ ಎಲ್ಲಿ ಎಂದೆ. ಸತ್ತ ಚೀಟಿ ಇಟ್ಟುಕೊಂಡು ಏನು ಮಾಡುವುದೆಂದು ಒಲೆ ಹಚ್ಚುವಾಗ ಹಾಕಿದ್ದಳು.

‘ಅವತ್ತ ಸಾಹೇಬ್ರ ಮುಂದ ನಾ ಬಾಯಿ ಬಿಡಬೇಕಿತ್ತು’ ಅಂದೆ.

‘ಬಿಟ್ಟಿದ್ರ ಇಬ್ರೂ ಹೊರಗ ಬೀಳ್ತಿದ್ವಿ. ನಾ ಹೆಂಗೂ ಬೀಳಾಕಿನೇ ಇದ್ಯಾ’ ಅಂದಳು. ತೊಗರಿಯಲ್ಲಿ ಹರಳು ಆರಿಸುವುದನ್ನು ಬಿಡಲಿಲ್ಲ.

ಇನ್ನು ಕಾಗದದ ಮೇಲೆ ಭರವಸೆ ಇಡುವ ಹಾಗಿರಲಿಲ್ಲ. ಶರಣುವನ್ನು ಕರೆದು ಮುಂದೆ ಕೂಡಿಸಿಕೊಂಡೆ. ಅಂದು ಎಲ್ಲರಲ್ಲಿ ಖರೇ ಹೇಳಿದವನು ಅವನೊಬ್ಬನೇ, ಹೇಳಲು ಅವನಿಗೇ ಕಲಿಸಿದರೆ ಆಯಿತು. ಯಾರೇ ಸೂಜಿ ತೆಗೆದರೂ ಮೊದಲು ಹೀಗೆ ಅನ್ನಬೇಕು ಎಂದೆ. ‘ನನ್ನ ಹೆಸರು ಶರಣು. ನನಗ ಪೆನ್ಸಿಲಿನ್ ಒಗ್ಗಂಗಿಲ್ಲ.’ ಹುಡುಗ ಚುರುಕು. ನಾಲ್ಕನೆಯ ಸಲಕ್ಕೆ ಎರಡು ಮಾತನ್ನೂ ತಪ್ಪಿಲ್ಲದೆ ಅಂದ. ಸಣ್ಣವನೂ ಬಂದು ಅಣ್ಣನ ಜೋಡಿ ಅದನ್ನೇ ಅನ್ನತೊಡಗಿದ, ಅವನನ್ನು ಹೊರಗೆ ಓಡಿಸಿದೆ.

ಮಹಾನಂದಾ ಕೇಳುತ್ತಲೇ ಇದ್ದಳು. ಆಮೇಲೆ ಮೊರ ಕೆಳಗಿಟ್ಟಳು.

‘ಆಯವ್ವಾ, ಔಷಧದ ಹೆಸರು ಹೇಳ್ಲಿ. ತನ್ನ ಹೆಸರು ಯಾಕ್ರಿ? ನಾಳೆ ಸಿದ್ದುನ ಚೀಟಿ ಮ್ಯಾಲ ದೊಡ್ಡ ದವಾಖಾನಿಗಿ ಒಯ್ದ್ಯಾ ಅಂದ್ರ, ಶರಣು ಅಂದ ಕೂಡ್ಲೇ ಹೊಸಾ ಚೀಟಿ ಮಾಡಸ್ತಾರ.’

ಬಸ್ಸಿನ ಧೂಳು ತಿಂದು ಖರೇ ಮಾತು ಕಲಿಸಲು ಹೋದವಳು ನಾನು. ಬೈಯಬೇಕೆಂದಿದ್ದೆ, ಆದರೆ ವಿಚಾರ ಮಾಡಿದೆ. ಹುಡುಗನ ಜೀವ ಇರುವುದು ಔಷಧದ ಹೆಸರಿನಲ್ಲಿ, ತೂಕದಲ್ಲಿ. ಶರಣು ಎನ್ನುವುದರಲ್ಲಿ ಫೀಸು ಬಿಟ್ಟರೆ ಬೇರೇನೂ ಇರಲಿಲ್ಲ.

‘ಆತು, ಹೆಸರು ಬಿಡು’ ಅಂದೆ. ‘ಆದ್ರ ಕಾಟಾದ ಮ್ಯಾಲ ಇವನೇ ನಿಂದರಬೇಕು. ಮುಳ್ಳು ತೋರ್ಸಿದಷ್ಟೇ ಬರಸಬೇಕು.’

‘ತಮ್ಮನ ಚೀಟಿಗಿ ತೂಕ ಕೂಡಲಿಲ್ಲಂದ್ರ?’

ಬಸ್ಸಿನ ಹಾರ್ನು ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡೆ.

‘ಎರಡು ದಿನದಿಂದ ಛಂದ ಉಣ್ಣಾಕತ್ತಾನ್ರಿ ಅಂತ ಹೇಳು.’